ಮೂರು ಕಿರೀಟಗಳ ಕೆನ್ ಡೊಹರ್ಟಿ

ಮೇಜು ಎತ್ತರ, ಹುಡುಗ ಕುಳ್ಳ. ಕೋಲಿನ ಮೇಲೆ ಬಾಗಿ ಚೆಂಡಿನ ನೇರಕ್ಕೆ ಕಣ್ಣು ತಂದಾಗಲಲ್ಲವೆ ಗುರಿ ಕಟ್ಟುವುದು? ಅದಕ್ಕಾಗಿ ಆತ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಮೇಜಿನ ಬದಿಗಿಟ್ಟು, ಅದರ ಮೇಲೆ ನಿಂತು ಆಡುತ್ತಿದ್ದ. ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದ ರಾನೆಲಾ ಬಡಾವಣೆಯ ಆ ಬಾಲಕನ ಹೆಸರು ಕೆನ್ ಡೊಹರ್ಟಿ.

ಕಿರಿಯರಲ್ಲಿ ವಿಶ್ವವಿಜೇತ, ಹವ್ಯಾಸಿಗಳಲ್ಲಿ ವಿಶ್ವವಿಜೇತ, ವೃತ್ತಿಪರರಲ್ಲಿ ವಿಶ್ವವಿಜೇತ: ಸ್ನೂಕರ್ ಕ್ರೀಡೆಯ ಈ ಮೂರು ಕಿರೀಟಗಳನ್ನೂ ಧರಿಸಿದ ಮೊತ್ತಮೊದಲ ಆಟಗಾರ ಆತ. ಮೊದಲಿನ ಎರಡು ಕಿರೀಟಗಳು ಒಂದೇ ವರ್ಷದಲ್ಲಿ ದೊರೆತವು. ಮೂರನೆಯದಕ್ಕೆ ಮತ್ತೆ ಎಂಟು ವರ್ಷ ಹಿಡಿಯಿತು. ಎಳೆಯ ವಯಸ್ಸಿನ ಗೆಲುವಿಗೂ ಬಾಳಿನ ವೃತ್ತಿಗೂ ನಡುವೆ ಇರುವ ದೂರವೆಷ್ಟು ಎಂಬುದನ್ನು ಅರಿಯಬೇಕಾದರೆ ಆ ಎಂಟು ವರ್ಷಗಳ ಕಥೆಯನ್ನೇ ಕೇಳಬೇಕು.

ಆಟ ಹುಟ್ಟಿದ್ದು ನಮ್ಮಲ್ಲಿ

ಸ್ನೂಕರ್ ಪರದೇಶದ ಆಟವೆಂದು ನಾವು ತಿಳಿಯುವುದುಂಟು. ಆದರೆ ಅದರ ತೊಟ್ಟಿಲು ಭಾರತವೇ. ೧೮೭೫ರಲ್ಲಿ ಜಬಲ್ಪುರದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಯ ತರುಣ ಅಧಿಕಾರಿ ನೆವಿಲ್ ಚೇಂಬರ್ಲೇನ್ ಎಂಬಾತ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣಬಣ್ಣದ ಚೆಂಡುಗಳನ್ನು ಸೇರಿಸಿ ಈ ಆಟವನ್ನು ಹೂಡಿದ. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ.) ಅದರ ನಿಯಮಗಳು ಗೋಡೆಗೇರಿದ್ದು ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ. ಸೈನಿಕ ವಿದ್ಯಾಲಯಕ್ಕೆ ಆಗತಾನೆ ಸೇರಿದ, ಏನೂ ತಿಳಿಯದ ಹೊಸಬನನ್ನು ಗೇಲಿಯಾಗಿ ‘ಸ್ನೂಕರ್’ ಎನ್ನುತ್ತಿದ್ದರಂತೆ. ಸುಲಭದ ಹೊಡೆತವನ್ನು ತಪ್ಪಿದ ಜೊತೆಗಾರನನ್ನು ಚೇಂಬರ್ಲೇನ್ ಹಾಗೆ ಕರೆದ. ಅದೇ ಆಟದ ಹೆಸರಾಗಿ ನಿಂತಿತು.

ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜು. ಅದರ ಮೇಲೆ ಹಸಿರು ಬಟ್ಟೆ, ಅಂಚಿನಲ್ಲಿ ಆರು ಕುಳಿಗಳು. ೧೫ ಕೆಂಪು ಚೆಂಡುಗಳು, ಬೇರೆ ಬೇರೆ ಬಣ್ಣದ ೬ ಚೆಂಡುಗಳು, ಅವುಗಳನ್ನು ಹೊಡೆಯಲು ಬಿಳಿಯ ಚೆಂಡೊಂದು. ಕೆಂಪನ್ನು ಕುಳಿಗಿಳಿಸಿದರೆ ಒಂದು ಅಂಕ, ಕಪ್ಪನ್ನು ಇಳಿಸಿದರೆ ಏಳು. ಒಂದೇ ಸರದಿಯಲ್ಲಿ ನೂರು ಅಂಕ ದಾಟಿದರೆ ಅದು ಶತಕ. ಇದು ಆಟದ ಒಂದು ಮುಖ. ಇನ್ನೊಂದು ಮುಖವೆಂದರೆ, ಗೆಲ್ಲುವ ಹೊಡೆತ ಕಾಣದಿದ್ದಾಗ ಬಿಳಿಯ ಚೆಂಡನ್ನು ಎದುರಾಳಿಗೆ ಒದಗದ ಮೂಲೆಯಲ್ಲಿ ಬಿಟ್ಟು ಕಾಯುವುದು. ಮೊದಲನೆಯದನ್ನು ಕಂಡು ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಎರಡನೆಯದಕ್ಕೆ ಬೇಕಾದದ್ದು ತಾಳ್ಮೆ. ಡೊಹರ್ಟಿ ಹೆಸರು ಪಡೆದದ್ದು ಈ ಎರಡನೆಯದರಲ್ಲಿ.

ಹನ್ನೆರಡು ಪೌಂಡಿನ ಕೋಲು

ಕೆನ್ ಜನಿಸಿದ್ದು ೧೯೬೯ರ ಸೆಪ್ಟೆಂಬರಿನಲ್ಲಿ. ಚಿಕ್ಕಂದಿನಲ್ಲಿ ಒಂದು ಕ್ರಿಸ್‌ಮಸ್ ಹಬ್ಬಕ್ಕೆ ಮನೆಯವರು ತಂದುಕೊಟ್ಟ ಮಕ್ಕಳ ಸ್ನೂಕರ್ ಮೇಜು ಆತನಿಗೆ ಈ ಆಟದ ಹುಚ್ಚು ಹಿಡಿಸಿತು. ಬೆಲ್‌ಫಾಸ್ಟಿನ ಅಲೆಕ್ಸ್ ಹಿಗ್ಗಿನ್ಸ್ ೧೯೮೨ರಲ್ಲಿ ಎರಡನೆಯ ಬಾರಿ ವಿಶ್ವ ಚಾಂಪಿಯನ್ ಆದಾಗ ಐರ್ಲೆಂಡಿನ ಎಷ್ಟೋ ಹುಡುಗರಿಗೆ ಆತನೇ ಆರಾಧ್ಯ ವೀರ, ಕೆನ್‌ಗೂ ಹಾಗೆಯೇ. ಆದರೆ ಹಿಗ್ಗಿನ್ಸ್ ಮಿಂಚಿನಂತೆ ಆಡುವವನು, ಆಟದಲ್ಲೂ ಬಾಳಿನಲ್ಲೂ ಹಿಡಿತಕ್ಕೆ ಸಿಗದವನು. ಆತನನ್ನು ಮೆಚ್ಚಿದ ಈ ಹುಡುಗನ ಆಟವಾದರೋ ಶಾಂತ.

ರಾನೆಲಾದ ‘ಜೇಸನ್ಸ್’ ಎಂಬ ಸ್ನೂಕರ್ ಹಾಲೇ ಆತನ ಪಾಠಶಾಲೆಯಾಯಿತು. ಇಂಥ ಹಾಲುಗಳೆಂದರೆ ಶಾಲೆಗೆ ಚಕ್ಕರ್ ಹೊಡೆಯುವ ಹುಡುಗರ ಅಡ್ಡೆ ಎಂಬ ಅಂಜಿಕೆ ನಮ್ಮ ಹಿರಿಯರಿಗಿರುವಂತೆ ಅಲ್ಲಿನ ಹಿರಿಯರಿಗೂ ಉಂಟು. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬ ದಿನವೂ ಅಲ್ಲಿಗೆ ಹೋಗುತ್ತಾನೆಂದರೆ ತಾಯಿಯ ಮನಸ್ಸು ಹೇಗಿದ್ದೀತೆಂಬುದನ್ನು ಓದುಗರೇ ಊಹಿಸಬಹುದು. ಅದೇ ಹಾಲಿನಲ್ಲಿ ಆತ ಹನ್ನೆರಡು ಪೌಂಡಿಗೆ ಕೊಂಡ ಕೋಲೊಂದು ಮುಂದೆ ವಿಶ್ವ ಪ್ರಶಸ್ತಿಯವರೆಗೂ ಆತನ ಕೈಬಿಡಲಿಲ್ಲ.

೧೯೮೭ರಲ್ಲಿ ಕೆನ್ ಐರ್ಲೆಂಡಿನ ಹವ್ಯಾಸಿ ಚಾಂಪಿಯನ್ ಆದ. ೧೯೮೯ರಲ್ಲಿ ಅದನ್ನೇ ಮತ್ತೆ ಗೆದ್ದ. ಆ ವರ್ಷವೇ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ೨೧ ವರ್ಷದೊಳಗಿನವರ ವಿಶ್ವ ಪ್ರಶಸ್ತಿಯೂ ಸಿಂಗಪುರದಲ್ಲಿ ಹವ್ಯಾಸಿಗಳ ವಿಶ್ವ ಪ್ರಶಸ್ತಿಯೂ ಆತನ ಪಾಲಾದವು. ಸಿಂಗಪುರದ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಜಾನ್ ಬರ್ಚ್‌ನನ್ನು ಸೋಲಿಸಿದ್ದು ೧೧–೨ ಫ್ರೇಮುಗಳಿಂದ. ಇಪ್ಪತ್ತರ ತರುಣನಿಗೆ ಇನ್ನೇನು ಬೇಕು?

ಮೂರನೆಯ ಮೆಟ್ಟಿಲು

ಬೇಕಾದದ್ದೆಲ್ಲ ಇನ್ನು ಮುಂದೆಯೇ ಇತ್ತು. ಹವ್ಯಾಸಿಗಳ ವಿಶ್ವ ಪ್ರಶಸ್ತಿ ಆರಂಭವಾದದ್ದು ೧೯೬೩ರಲ್ಲಿ. ಡೊಹರ್ಟಿಗೆ ಮೊದಲು ಅದನ್ನು ಗೆದ್ದವರಲ್ಲಿ ಒಬ್ಬನಾದರೂ ಮುಂದೆ ವೃತ್ತಿಪರರ ವಿಶ್ವ ಚಾಂಪಿಯನ್ ಆಗಿರಲಿಲ್ಲ. ಲಂಡನ್ನಿನ ಜಿಮ್ಮಿ ವೈಟ್ ಹದಿನೆಂಟರ ಹರೆಯದಲ್ಲಿ, ೧೯೮೦ರಲ್ಲಿ, ಹವ್ಯಾಸಿ ಕಿರೀಟ ಧರಿಸಿದ; ಜನರ ಕಣ್ಮಣಿಯಾದ; ವೃತ್ತಿಪರರ ಅಂತಿಮ ಪಂದ್ಯವನ್ನು ಆರು ಬಾರಿ ತಲುಪಿ ಆರು ಬಾರಿಯೂ ಸೋತ. ೧೯೮೮ರ ವಿಜೇತ, ಥಾಯ್ಲೆಂಡಿನ ಜೇಮ್ಸ್ ವಾಟ್ಟಾನಾ, ವೃತ್ತಿಯಲ್ಲಿ ಒಳ್ಳೆಯ ಹೆಸರು ಗಳಿಸಿದರೂ ಆ ಪದವಿಯನ್ನು ಮುಟ್ಟಲಿಲ್ಲ. ನಮ್ಮವರೇ ಆದ ಓಂ ಅಗರವಾಲ್ ೧೯೮೪ರಲ್ಲಿ ಇದೇ ಹವ್ಯಾಸಿ ಪ್ರಶಸ್ತಿಯನ್ನು ಡಬ್ಲಿನ್ನಿನಲ್ಲಿಯೇ ಗೆದ್ದು ತಂದರು. ಆಗ ಡೊಹರ್ಟಿಗೆ ಹದಿನೈದು ವರ್ಷ.

ಈ ಮೆಟ್ಟಿಲು ಇಷ್ಟು ಎತ್ತರವಾಗಲು ಕಾರಣವಿದೆ. ಹವ್ಯಾಸಿಯ ಎದುರಿಗೆ ನಿಲ್ಲುವವನು ಇನ್ನೊಬ್ಬ ಹವ್ಯಾಸಿ; ಸೋತರೆ ಮನೆಗೆ ಹೋಗಿ ಬೇರೆ ಕೆಲಸ ನೋಡಿಕೊಳ್ಳಬಲ್ಲವನು. ವೃತ್ತಿಪರನಿಗೆ ಆ ಮೇಜೇ ಅನ್ನ. ಹಳೆಯ ಪದಕಗಳಿಗೆ ಅಲ್ಲಿ ಬೆಲೆಯಿಲ್ಲ. ಹೊಸಬ ಶ್ರೇಯಾಂಕದ ಕೊನೆಯಿಂದ ಎಣಿಕೆ ಆರಂಭಿಸಬೇಕು. ದೀಪಗಳ ಬೆಳಕೂ ದೂರದರ್ಶನದ ಕ್ಯಾಮರಾಗಳೂ ಇರುವ ರಂಗಕ್ಕೆ ಬರುವ ಮುನ್ನ, ನೋಡುವವರಿಲ್ಲದ ಕೊಠಡಿಗಳಲ್ಲಿ ಅರ್ಹತೆಯ ಸುತ್ತುಗಳನ್ನು ಒಂದೊಂದಾಗಿ ದಾಟಬೇಕು.

ಕೆನ್ ೧೯೯೦ರಲ್ಲಿ ವೃತ್ತಿಗಿಳಿದ. ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡಿನ ಕ್ಲಬ್ಬೊಂದರಲ್ಲಿ ಆತನ ಅಭ್ಯಾಸ ನಡೆಯುತ್ತಿತ್ತು. ಮರುವರ್ಷವೇ ವಿಶ್ವ ಚಾಂಪಿಯನ್‌ಷಿಪ್ ನಡೆಯುವ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರಕ್ಕೆ ಅರ್ಹತೆ ದೊರೆಯಿತು. ಮೊದಲ ಸುತ್ತಿನಲ್ಲಿಯೇ ಎದುರಾದವನು ಆರು ಬಾರಿಯ ಚಾಂಪಿಯನ್ ಸ್ಟೀವ್ ಡೇವಿಸ್. ಫಲ: ೮–೧೦, ಸೋಲು. ೧೯೯೨ರ ಗ್ರ್ಯಾಂಡ್ ಪ್ರೀ ಅಂತಿಮ ಪಂದ್ಯದಲ್ಲಿ ಜಿಮ್ಮಿ ವೈಟ್ ಎದುರು ೯–೧೦, ಮತ್ತೆ ಸೋಲು. ೧೯೯೩ರ ವೇಲ್ಸ್ ಓಪನ್‌ನಲ್ಲಿ ಅಲನ್ ಮೆಕ್‌ಮೇನಸ್‌ನನ್ನು ೯–೭ರಿಂದ ಸೋಲಿಸಿ ಮೊದಲ ದೊಡ್ಡ ಪ್ರಶಸ್ತಿ ಪಡೆದ. ಅಷ್ಟರಲ್ಲಿ ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿಯ ಯುಗ ಬಂದಿತ್ತು. ೧೯೯೪ರ ಯುಕೆ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ ಹೆಂಡ್ರಿ ಏಳು ಶತಕಗಳನ್ನು ಸಿಡಿಸಿ ಡೊಹರ್ಟಿಯನ್ನು ೧೦–೫ರಿಂದ ಮಣಿಸಿದ. ಅಂಥ ಆಟ ನಡೆಯುವಾಗ ಎದುರಾಳಿಗೆ ಕುರ್ಚಿಯ ಮೇಲೆ ಸುಮ್ಮನೆ ಕುಳಿತಿರುವುದಲ್ಲದೆ ಬೇರೆ ಕೆಲಸವಿರುವುದಿಲ್ಲ.

ಕುಳಿತು ನೋಡುವುದೂ ಒಂದು ಪಾಠವೇ. ಹೆಂಡ್ರಿಯೊಡನೆ ಹೆಂಡ್ರಿಯಂತೆ ಆಡಿ ಗೆಲ್ಲುವುದು ಆಗದ ಮಾತು. ಆತನಿಗೆ ಅವಕಾಶವೇ ದೊರೆಯದಂತೆ ಆಡಬೇಕು.

೧೯೯೭ರ ಶೆಫೀಲ್ಡ್

೧೯೯೭ರಲ್ಲಿ ಡೊಹರ್ಟಿಯ ಹಾದಿ ಸುಲಭವಾಗಿರಲಿಲ್ಲ. ಮೊದಲ ಸುತ್ತಿನಲ್ಲಿ ಮಾರ್ಕ್ ಡೇವಿಸ್‌ನನ್ನು ದಾಟಿದ್ದು ೧೦–೮ರಿಂದ. ಮುಂದೆ, ಆರು ವರ್ಷದ ಹಿಂದೆ ತನ್ನನ್ನು ಹೊರಗಟ್ಟಿದ್ದ ಸ್ಟೀವ್ ಡೇವಿಸ್‌ನನ್ನು ೧೩–೩ರಿಂದ ಸೋಲಿಸಿದ. ಬಳಿಕ ಜಾನ್ ಹಿಗ್ಗಿನ್ಸ್‌ನನ್ನು ೧೩–೯ರಿಂದ, ಕೆನಡಾದ ಅಲೆಂ ರೊಬಿದುವನ್ನು ೧೭–೭ರಿಂದ. ಅಂತಿಮ ಪಂದ್ಯದಲ್ಲಿ ಎದುರು ನಿಂತವನು ಹೆಂಡ್ರಿ: ಆರು ಬಾರಿ ವಿಶ್ವ ಚಾಂಪಿಯನ್, ಹಿಂದಿನ ಐದು ವರ್ಷವೂ ಸತತವಾಗಿ ಗೆದ್ದವನು, ಆ ರಂಗದಲ್ಲಿ ೨೯ ಪಂದ್ಯಗಳಿಂದ ಸೋಲನ್ನೇ ಕಾಣದವನು.

ಮೊದಲು ೧೮ ಫ್ರೇಮ್ ಗೆದ್ದವನಿಗೆ ಜಯ. ಡೊಹರ್ಟಿ ಒಂದೊಂದಾಗಿ ಕೂಡಿಸುತ್ತ ೧೫–೭ಕ್ಕೆ ಮುಟ್ಟಿದ. ಇನ್ನು ಮೂರೇ ಫ್ರೇಮು! ಆಗ ಹೆಂಡ್ರಿ ಎದ್ದ. ಒಂದಾದ ಮೇಲೊಂದರಂತೆ ಐದು ಫ್ರೇಮುಗಳು ಆತನ ಪಾಲಾದವು. ೧೫–೧೨. ಗೆಲುವನ್ನು ಕೈಯಳತೆಯಲ್ಲಿ ಕಂಡವನಿಗೆ ಅದು ಜಾರುವುದನ್ನು ಕಾಣುವುದಕ್ಕಿಂತ ಹಿರಿದಾದ ಸಂಕಟವಿಲ್ಲ. ಕೈ ನಡುಗುವುದು ಅಂಥ ಗಳಿಗೆಯಲ್ಲಿಯೇ. ಆದರೆ ಡೊಹರ್ಟಿ ಅವಸರಪಡಲಿಲ್ಲ. ಮುಂದಿನ ಮೂರು ಫ್ರೇಮುಗಳನ್ನೂ ತಾನೇ ಗೆದ್ದು ೧೮–೧೨ರಿಂದ ಪಂದ್ಯವನ್ನು ಮುಗಿಸಿದ. ಆ ಪಂದ್ಯದಲ್ಲಿ ಹೆಂಡ್ರಿ ಐದು ಶತಕ ಹೊಡೆದಿದ್ದ, ಆದರೂ ಸೋತ.

ಹನ್ನೆರಡು ಪೌಂಡಿನ ಕೋಲು ಅಂದು ಗಳಿಸಿದ್ದು ೨,೧೦,೦೦೦ ಪೌಂಡು. ಐರಿಷ್ ಗಣರಾಜ್ಯಕ್ಕೆ ಅದು ಮೊದಲ ವಿಶ್ವ ಸ್ನೂಕರ್ ಪ್ರಶಸ್ತಿ. ತೆರೆದ ಬಸ್ಸಿನಲ್ಲಿ ಬಂದ ಕೆನ್‌ನನ್ನು ಕಾಣಲು ಡಬ್ಲಿನ್ನಿನ ಜನ ಬೀದಿಯುದ್ದಕ್ಕೂ ನೆರೆದರು.

ಗೆಲುವಿನ ಆಚೆ

ಮರುವರ್ಷ ಮತ್ತೆ ಅಂತಿಮ ಪಂದ್ಯಕ್ಕೆ ಬಂದು ಜಾನ್ ಹಿಗ್ಗಿನ್ಸ್‌ಗೆ ೧೨–೧೮ರಿಂದ ಸೋತ. ೨೦೦೦ದ ಮಾಸ್ಟರ್ಸ್ ಅಂತಿಮ ಪಂದ್ಯದಲ್ಲಿ ೧೪೦ ಅಂಕ ಸೇರಿಸಿ, ಒಂದು ಸರದಿಯ ಪರಮಾವಧಿ ಎನಿಸಿದ ೧೪೭ಕ್ಕೆ ಕೊನೆಯ ಕಪ್ಪು ಚೆಂಡೊಂದೇ ಬಾಕಿ ಇದ್ದಾಗ ಗುರಿ ತಪ್ಪಿದ. ೨೦೦೩ರಲ್ಲಿ ಪಾಲ್ ಹಂಟರ್ ಎದುರು ೯–೧೫ರಿಂದ ಹಿಂದೆ ಬಿದ್ದಿದ್ದರೂ ಎದ್ದು ೧೭–೧೬ರಿಂದ ಗೆದ್ದು ಮೂರನೆಯ ಸಲ ಅಂತಿಮ ಪಂದ್ಯಕ್ಕೆ ಬಂದ. ಅಲ್ಲಿ ಮಾರ್ಕ್ ವಿಲಿಯಮ್ಸ್‌ನೊಡನೆ ೧೬–೧೬ರವರೆಗೆ ಸೆಣಸಿ ಸೋತ. ವಿಶ್ವ ಪ್ರಶಸ್ತಿ ಮತ್ತೆ ಬರಲಿಲ್ಲ. ಮುಂದೆ ದೂರದರ್ಶನದ ವ್ಯಾಖ್ಯಾನಕಾರನಾಗಿಯೂ ಆತನ ಧ್ವನಿ ಪರಿಚಿತವಾಯಿತು.

ಡೊಹರ್ಟಿಯ ನಂತರ ಇಂಗ್ಲೆಂಡಿನ ಸ್ಟುವರ್ಟ್ ಬಿಂಗಮ್ ೧೯೯೬ರಲ್ಲಿ ಹವ್ಯಾಸಿ ಚಾಂಪಿಯನ್ ಆಗಿ, ವೃತ್ತಿಪರ ಕಿರೀಟಕ್ಕೆ ೨೦೧೫ರವರೆಗೆ, ಹತ್ತೊಂಬತ್ತು ವರ್ಷ ಕಾದ. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಹದಿನೆಂಟರ ವಯಸ್ಸಿನಲ್ಲಿ, ೨೦೦೩ರಲ್ಲಿ, ಚೀನಾದಲ್ಲಿ ಹವ್ಯಾಸಿಗಳ ವಿಶ್ವ ಪ್ರಶಸ್ತಿ ಗೆದ್ದರು. ೨೦೧೨ರಲ್ಲಿ ವೃತ್ತಿಪರರ ಸಾಲಿಗೆ ಸೇರಿ ಎರಡು ಋತುಗಳ ಬಳಿಕ ಅದನ್ನು ಬಿಟ್ಟು ಬಂದು, ತಮಗೊಲಿದ ಹಾದಿಯಲ್ಲೇ ಮತ್ತೆ ಮತ್ತೆ ವಿಶ್ವವಿಜೇತರಾದರು. ಮೂರನೆಯ ಮೆಟ್ಟಿಲನ್ನು ಏರಲೇಬೇಕೆಂಬ ಕಟ್ಟಳೆ ಏನೂ ಇಲ್ಲ. ಏರಹೊರಟವರಿಗೆ ಅದರ ಎತ್ತರ ತಿಳಿದಿದ್ದರೆ ಒಳ್ಳೆಯದು.

ಮಗುವೊಂದು ಯಾವುದೋ ಸ್ಪರ್ಧೆಯಲ್ಲಿ ಗೆದ್ದು ಬಂದರೆ ಪದಕವನ್ನು ಗಾಜಿನ ಬೀರುವಿನಲ್ಲಿಟ್ಟು, ಇನ್ನೆಲ್ಲ ತಾನಾಗಿಯೇ ಆಗುವುದೆಂದು ನಂಬುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಆಮೇಲೆ ಒಂದೆರಡು ಸೋಲು ಬಂದೊಡನೆ ‘ಅವನಿಗೆ ಅಷ್ಟೇ ಶಕ್ತಿ’ ಎಂದು ಕೈಚೆಲ್ಲುವುದೂ ಅಷ್ಟೇ ಸಾಮಾನ್ಯ. ಇಪ್ಪತ್ತರಲ್ಲಿ ಎರಡು ಸಲ ವಿಶ್ವವಿಜೇತನಾಗಿದ್ದ ಕೆನ್ ಡೊಹರ್ಟಿ ವೃತ್ತಿಪರರ ಬಾಗಿಲಿಗೆ ಬಂದದ್ದು ಹೊಸಬನಾಗಿ, ಚೇಂಬರ್ಲೇನ್ ಗೇಲಿ ಮಾಡಿದ ಅರ್ಥದಲ್ಲಿ ಶುದ್ಧ ‘ಸ್ನೂಕರ್’ ಆಗಿ. ಹಾಗೆ ಮತ್ತೆ ಹೊಸಬನಾಗಲು ಆತ ನಾಚಲಿಲ್ಲ. ಎಂಟು ವರ್ಷ ಆತ ಕಲಿತದ್ದಕ್ಕೆಲ್ಲ ಅದೇ ಮೊದಲು.