ಕೊನೆಯ ಸೈಕಲ್ಲಿನ ಹಿಂದೊಬ್ಬರು

ಸೈಕಲ್ ಓಟಗಾರ ಸೆಪ್ ಕುಸ್‌ನ ಕಸುಬೇ ಬೇರೆಯವರನ್ನು ಗೆಲ್ಲಿಸುವುದು. ಬೆಟ್ಟದ ಏರಿನಲ್ಲಿ ತಂಡದ ನಾಯಕನ ಮುಂದೆ ಗಾಳಿ ಸೀಳಿಕೊಂಡು ಹೋಗಿ, ಗುರಿ ಹತ್ತಿರವಾದಾಗ ಪಕ್ಕಕ್ಕೆ ಸರಿದು ದಾರಿ ಬಿಡುವ ಆಳು. 2023ರ ಮೇ ತಿಂಗಳಲ್ಲಿ ಇಟಲಿಯ ಓಟವನ್ನು ತನ್ನ ತಂಡದ ನಾಯಕ ರೊಗ್ಲಿಚ್‌ಗೂ ಜುಲೈನಲ್ಲಿ ಫ್ರಾನ್ಸಿನ ಓಟವನ್ನು ಅದೇ ತಂಡದ ವಿಂಗೆಗೋಗೂ ಗೆಲ್ಲಿಸಿಕೊಟ್ಟ. ಸೆಪ್ಟೆಂಬರಿನಲ್ಲಿ ಸ್ಪೇನಿನ ಓಟ ಮ್ಯಾಡ್ರಿಡ್‌ನಲ್ಲಿ ಮುಗಿದಾಗ ಮೊದಲ ಸ್ಥಾನದಲ್ಲಿ ಅವನೇ ಇದ್ದ. ಆ ಇಬ್ಬರು ಅತಿರಥರು ಅವನ ಅಕ್ಕಪಕ್ಕದಲ್ಲಿ, ಒಂದೊಂದು ಮೆಟ್ಟಿಲು ಕೆಳಗೆ.

ಇಂಥ ಹುಡುಗ ಎಲ್ಲಿ ತಯಾರಾದ ಅಂತ ಹಿಂದಕ್ಕೆ ಹೋದರೆ ದೊಡ್ಡ ಅಕಾಡೆಮಿಯೇನೂ ಸಿಗುವುದಿಲ್ಲ. ಸಿಗುವುದು ಅಮೆರಿಕದ ಕೊಲೊರಾಡೊ ರಾಜ್ಯದ ನೈರುತ್ಯ ಮೂಲೆಯ ಡುರಾಂಗೊ, ಇಪ್ಪತ್ತು ಸಾವಿರ ಜನವೂ ತುಂಬದ ಊರು. ಅದರ ಪೇಟೆ ಬೀದಿ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಮೇಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಎತ್ತರ. ರಾಜಧಾನಿ ಡೆನ್ವರ್ 500 ಕಿಲೋಮೀಟರಿಗೂ ದೂರ, ನಡುವೆ ಹಿಮ ಬೀಳುವ ಘಟ್ಟಗಳು. ಅಲ್ಲಿ 2006ರಲ್ಲಿ ಚ್ಯಾಡ್ ಚೀನಿ ಮತ್ತು ಸಾರಾ ಟೆಷರ್ ಎಂಬಿಬ್ಬರು ಶಾಲಾ ಮಕ್ಕಳನ್ನು ಕಟ್ಟಿಕೊಂಡು ‘ಡುರಾಂಗೊ ಡೆವೊ’ ಅಂತ ಬೆಟ್ಟದ ಸೈಕಲ್ಲಿನ ತಂಡವೊಂದನ್ನು ಶುರು ಮಾಡಿದರು. ಮೊದಮೊದಲು ಬಂದ ಹುಡುಗರಲ್ಲಿ ಸೆಪ್ ಕುಸ್‌ನೂ ಒಬ್ಬ.

ಊರಿನ ಪೂರ್ವಕಥೆ ಇಷ್ಟು: ಸಾನ್ ವಾನ್ ಬೆಟ್ಟಗಳ ಬೆಳ್ಳಿಗಾಗಿ 1880ರಲ್ಲಿ ರೈಲು ಕಂಪನಿ ಹುಟ್ಟಿಸಿದ ಊರಿದು. 1882ರಲ್ಲಿ ಸಿಲ್ವರ್‌ಟನ್ ಗಣಿಪೇಟೆಗೆ ಹಳಿ ಬಿತ್ತು. ಬೆಳ್ಳಿಯ ಭರಾಟೆ ಇಳಿದ ಮೇಲೂ ಉಗಿಬಂಡಿ ಉಳಿದುಕೊಂಡು ಈಗ ಪ್ರವಾಸಿಗರನ್ನು ಹೊರುತ್ತಿದೆ. ಎಪ್ಪತ್ತರ ದಶಕದ ಆರಂಭದಲ್ಲಿ ಟಾಮ್ ಮೇಯರ್ ಎಂಬ ಹುಡುಗ, ಅದೇ ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದ ತನ್ನ ಸೋದರನಿಗೆ ‘ನಿನ್ನ ಬಂಡಿಗಿಂತ ಮೊದಲು ಸಿಲ್ವರ್‌ಟನ್ ಸೇರುತ್ತೇನೆ’ ಅಂತ ಪಂಥ ಕಟ್ಟಿದ. 3,000 ಮೀಟರಿಗೂ ಎತ್ತರದ ಎರಡು ಘಟ್ಟ ದಾಟಿಕೊಂಡು ಸೈಕಲ್ ತುಳಿದು ಗೆದ್ದೂ ಬಿಟ್ಟ. ಆ ಪಂಥವೇ 1972ರಿಂದ ‘ಐರನ್ ಹಾರ್ಸ್’ ಓಟವಾಯಿತು. 1990ರಲ್ಲಿ ಬೆಟ್ಟದ ಸೈಕಲ್ಲಿನ ಮೊಟ್ಟಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಇಲ್ಲೇ. ಗಂಡಸರ ಕ್ರಾಸ್‌ಕಂಟ್ರಿ ಗೆದ್ದವನು ಊರಿನವನೇ ಆದ ನೆಡ್ ಓವರೆಂಡ್. ಇವತ್ತು ಅವನ ಹೆಸರಿನಲ್ಲೊಂದು ಗುಡ್ಡದ ಉದ್ಯಾನವಿದೆ, ಮಕ್ಕಳು ಅಲ್ಲೇ ಬಿದ್ದು ಏಳುತ್ತಾರೆ.

ಇಷ್ಟೆಲ್ಲ ಇದ್ದೂ ಮಕ್ಕಳಿಗೆ ತಂಡ ಅಂತ ಒಂದು ಗಟ್ಟಿಯಾಗಿ ನಿಲ್ಲಲು ಆ ಚಾಂಪಿಯನ್‌ಷಿಪ್ ಆದ ಮೇಲೂ ಹದಿನಾರು ವರ್ಷ ಹಿಡಿಯಿತು ಅನ್ನುವುದು ಗಮನಿಸಬೇಕಾದ ಮಾತು. ಚಾಂಪಿಯನ್ನರಿದ್ದ ಊರಿನಲ್ಲಿ ತಂಡ ತಾನಾಗಿ ಹುಟ್ಟುವುದಿಲ್ಲ. ವಾರಕ್ಕೆ ಎರಡು ಮೂರು ಸಂಜೆ ಬಿಡುವು ಮಾಡಿಕೊಂಡು, ಚೈನು ಕಳಚಿಕೊಂಡ ಹತ್ತು ಸೈಕಲ್ ರಿಪೇರಿ ಮಾಡಿ, ಮಂಡಿ ತರಚಿಕೊಂಡವರ ಗಾಯ ತೊಳೆಯುವ ದೊಡ್ಡವರು ಬೇಕು. ಡೆವೊ ಅಂದರೆ ಮುಖ್ಯವಾಗಿ ಇಂಥ ದೊಡ್ಡವರ ಗುಂಪು.

ಬೆಟ್ಟದ ಸೈಕಲ್ ಕಲಿಸುವ ರೀತಿ ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು. ಬೆಟ್ಟಕ್ಕೆ ಹೋಗುವುದು ಆಮೇಲೆ, ಮೊದಲು ಹುಲ್ಲಿನ ಮೈದಾನ. ನಾಲ್ಕು ಮೂಲೆಗೆ ಗುರುತಿಟ್ಟು ಎಲ್ಲರನ್ನೂ ಸೈಕಲ್ ಸಮೇತ ಒಳಗೆ ಬಿಡುತ್ತಾರೆ. ಕಾಲು ನೆಲಕ್ಕೆ ತಾಗಿಸಿದವನು ಔಟ್. ಒಬ್ಬೊಬ್ಬರೇ ಔಟಾದಂತೆ ಚೌಕ ಕಿರಿದಾಗುತ್ತದೆ. ಕೊನೆಗೆ ಉಳಿದಿಬ್ಬರು ಒಂದು ಕೋಣೆಯಷ್ಟು ಜಾಗದಲ್ಲಿ ಸುತ್ತಬೇಕು. ಅಲ್ಲಿ ವೇಗ ಕೆಲಸಕ್ಕೆ ಬರುವುದಿಲ್ಲ. ಮುಂದಿನ ಚಕ್ರ ತುಸು ಓರೆ ಮಾಡಿ, ಎರಡೂ ಪೆಡಲ್ ನೆಲಕ್ಕೆ ಸಮನಾಗಿ ನಿಲ್ಲಿಸಿ, ಬ್ರೇಕನ್ನು ಎರಡು ಬೆರಳಲ್ಲಿ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, ಸೊಂಟ ಅತ್ತಿತ್ತ ತೂಗುತ್ತ ನಿಂತಲ್ಲೇ ನಿಲ್ಲಬೇಕು. ಹತ್ತು ವರ್ಷದ ಹುಡುಗಿ ಹದಿನೈದರ ಗಟ್ಟಿಮುಟ್ಟು ಹುಡುಗನನ್ನು ಸೋಲಿಸುವುದು ಈ ಆಟದಲ್ಲೇ. ಮುಂದೆ ಬೆಟ್ಟದ ಮೇಲೆ, ಬೇರು ಅಡ್ಡ ಬಂದ ತಿರುವಿನಲ್ಲಿ, ಅವಳನ್ನು ಬೀಳದಂತೆ ಕಾಯುವುದು ಇದೇ ಸಮತೋಲ. ಆದರೆ ಪಾಠ ಹೇಳಿದರು ಅಂತ ಅವಳಿಗೆ ಗೊತ್ತೇ ಆಗಿರುವುದಿಲ್ಲ.

ಎರಡನೇ ಪಾಠ ಕಣ್ಣಿನದು. ದಾರಿಯಲ್ಲಿ ಬಂಡೆ ಕಂಡರೆ ಹೊಸಬರು ಬಂಡೆಯನ್ನೇ ನೋಡುತ್ತಾರೆ, ಸೈಕಲ್ ನೆಟ್ಟಗೆ ಅದಕ್ಕೇ ಹೋಗಿ ಗುದ್ದುತ್ತದೆ. ಬಂಡೆ ಬಿಟ್ಟು ಪಕ್ಕದ ಸಂದನ್ನು ನೋಡು, ಸೈಕಲ್ ಅಲ್ಲಿಗೆ ಹೋಗುತ್ತದೆ ಅಂತ ನೂರು ಸಲ ಹೇಳಬೇಕಾಗುತ್ತದೆ. ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರುವಂತಿಲ್ಲ. ಪೆಡಲ್ ಮೇಲೆ ಎದ್ದು ನಿಂತು ಮೊಣಕಾಲು, ಮೊಣಕೈ ಸಡಿಲ ಬಿಡಬೇಕು. ಟೈರಿನ ಗಾಳಿಯೂ ಅಷ್ಟೆ. ಕಾರಿನ ಟೈರಿಗೆ 30 ಪಿಎಸ್‌ಐ ಮೇಲೆ ತುಂಬಿಸಿದರೆ, ಹಗುರ ಮೈಯ ಮಕ್ಕಳ ಈ ದಪ್ಪ ಟೈರುಗಳಿಗೆ 20ರ ಆಸುಪಾಸು ಸಾಕು. ಮೆತ್ತಗಿದ್ದಷ್ಟೂ ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಗೇರು, ಸಸ್ಪೆನ್ಷನ್ ವಗೈರೆ ಅಂಗಡಿಯವರು ಹೇಳಿಯಾರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸಾಲಿನ ಕೊನೆಯಲ್ಲಿ ಹೋಗುವವರು. ಅಮೆರಿಕದ ಶಾಲಾ ತಂಡಗಳು ಬೆಟ್ಟಕ್ಕೆ ಹೊರಟಾಗ ಒಬ್ಬ ಕೋಚ್ ಮುಂದಿದ್ದರೆ ಇನ್ನೊಬ್ಬರು ಕಟ್ಟಕಡೆಯ ಮಗುವಿನ ಹಿಂದೆ. ಆ ಮಗು ಇಳಿದು ತಳ್ಳಿದರೆ ಅವರೂ ಇಳಿದು ತಳ್ಳಬೇಕು, ಅದು ನೀರು ಕುಡಿಯಲು ನಿಂತರೆ ಅವರೂ ನಿಲ್ಲಬೇಕು. ದಾರಿ ಕವಲೊಡೆದಲ್ಲಿ ಮುಂದಿನವರೆಲ್ಲ ಕಾಯುತ್ತಾರೆ. ಕಾದವರು ದಣಿವಾರಿಸಿಕೊಂಡಿರುತ್ತಾರೆ, ಕೊನೆಯವರಿಗೂ ಅಷ್ಟೇ ವಿಶ್ರಾಂತಿ ಕೊಟ್ಟು ಹೊರಡುವುದು ಒಳ್ಳೆಯ ಕೋಚ್‌ನ ಲಕ್ಷಣ. ಇದನ್ನು ಮರೆಯುವ ಕೋಚುಗಳೇ ಹೆಚ್ಚು ಅಂತ ನನ್ನ ಗುಮಾನಿ.

ಈ ಪದ್ಧತಿಗೆ ದೇಶವ್ಯಾಪಿ ಚೌಕಟ್ಟು ಕೊಟ್ಟದ್ದು ಒಬ್ಬ ಲೆಕ್ಕದ ಮೇಷ್ಟ್ರು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಹೈಸ್ಕೂಲಿನ ಮ್ಯಾಟ್ ಫ್ರಿಟ್ಸಿಂಗರ್ ತೊಂಬತ್ತರ ದಶಕದ ಕೊನೆಯಲ್ಲಿ ಶಾಲೆಗೊಂದು ಸೈಕಲ್ ತಂಡ ಕಟ್ಟಿದರು. ಅದು 2001ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಶಾಲೆಗಳ ಲೀಗ್ ಆಯಿತು, 2009ರಲ್ಲಿ ‘ನೈಕಾ’ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಮರುವರ್ಷವೇ ಕೊಲೊರಾಡೊದಲ್ಲೂ ಲೀಗ್ ಬಂತು. ಅವರ ಮೂಲ ಕಟ್ಟಳೆ ಸರಳ: ಬೆಂಚಿನ ಮೇಲೆ ಕೂರುವವರು ಯಾರೂ ಇಲ್ಲ. ಬಂದವರೆಲ್ಲ ಸೈಕಲ್ ತುಳಿಯಬೇಕು. ತಂಡದ ಅಂಕದಲ್ಲಿ ಹುಡುಗರದ್ದೂ ಹುಡುಗಿಯರದ್ದೂ ಸೇರಬೇಕಾದ್ದರಿಂದ ಹುಡುಗಿಯರಿಲ್ಲದ ತಂಡಕ್ಕೆ ಗೆಲ್ಲುವುದು ಕಷ್ಟ. ಈ ಲೀಗಿನಲ್ಲಿ ಬೆಳೆದ ಕೇಟ್ ಕೋರ್ಟ್ನಿ 2018ರಲ್ಲಿ ವಿಶ್ವ ಚಾಂಪಿಯನ್ ಆದಳು.

ಡುರಾಂಗೊಗೂ ಅದರದೇ ಕಷ್ಟಗಳಿವೆ. 2018ರ ಜೂನ್ 1ರಂದು ಊರಿನ ಉತ್ತರಕ್ಕೆ ಹೊತ್ತಿದ ‘416’ ಕಾಳ್ಗಿಚ್ಚು 54,000 ಎಕರೆ ಸುಟ್ಟಿತು. ಸಾನ್ ವಾನ್ ಅರಣ್ಯವನ್ನು ಪೂರ್ತಿ ಮುಚ್ಚಿದರು. ಬೇಸಿಗೆ ರಜೆಯ ಮಕ್ಕಳು ಹೊಗೆ ನೋಡುತ್ತ ಊರೊಳಗೇ ಉಳಿದರು. ಕಿಡಿ ಹಾರಿದ್ದು ಆ ಹಳೆಯ ಉಗಿಬಂಡಿಯಿಂದಲೇ ಅಂತ ಸರ್ಕಾರ ದಾವೆ ಹೂಡಿ, 2022ರಲ್ಲಿ 2 ಕೋಟಿ ಡಾಲರಿಗೆ ರಾಜಿಯಾಯಿತು. ಇದಕ್ಕಿಂತ ನಿಧಾನವಾಗಿ ಸುಡುವುದು ಬೆಲೆ. ಚೆಂದದ ಊರು ಅಂತ ಹೆಸರಾದ ಮೇಲೆ ಹೊರಗಿನ ದುಡ್ಡು ಬಂತು, ಮನೆ ಬಾಡಿಗೆ ಏರಿತು. ಸಂಜೆ ಮಕ್ಕಳ ಹಿಂದೆ ಸೈಕಲ್ ತುಳಿಯುವ ಯುವ ಕೋಚುಗಳಿಗೆ ಆ ಊರಿನಲ್ಲಿ ಸೂರು ಹೊಂದಿಸಿಕೊಳ್ಳುವುದೇ ಒಂದು ಘಟ್ಟ. ಕುಸ್ ಕೂಡ ಈಗ ಯುರೋಪಿನ ಅಂಡೋರಾದಲ್ಲಿ ಮನೆ ಮಾಡಿದ್ದಾನೆ. ಅದು ಕಸುಬಿನ ಅಗತ್ಯ, ಬಿಡಿ.

ಡೆವೊ ಶುರುವಾದ 2006, ನಮಗೂ ಸೈಕಲ್ಲಿನ ವರ್ಷವೇ. 2006-07ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಲಕ್ಷಗಟ್ಟಲೆ ಸೈಕಲ್ ಹಳ್ಳಿ ಸೇರಿದವು, ಹೈಸ್ಕೂಲು ದೂರ ಅಂತ ಮನೆಯಲ್ಲಿ ಉಳಿಯಬಹುದಾಗಿದ್ದ ಹುಡುಗಿಯರು ತುಳಿದುಕೊಂಡು ಹೋಗಿ ಓದಿದರು. ದೊಡ್ಡ ಕೆಲಸ. ಇನ್ನೊಂದು ಕಡೆ ವಿಜಯಪುರ, ಬಾಗಲಕೋಟೆ, ಗದಗದ ಕ್ರೀಡಾ ಹಾಸ್ಟೆಲುಗಳಿಂದ ರೈತರ ಮಕ್ಕಳು ರಾಷ್ಟ್ರಮಟ್ಟದ ಪದಕ ತರುತ್ತಲೇ ಬಂದಿದ್ದಾರೆ. ಆದರೆ ಹಾಸ್ಟೆಲಿಗೆ ಆಯ್ಕೆಯಾಗಿಯೇ ಹೋಗಬೇಕು. ಆಯ್ಕೆಯಾಗದ, ಆದರೆ ಸೈಕಲ್ ಇದ್ದ ಆ ಲಕ್ಷಾಂತರ ಮಕ್ಕಳಿಗೆ ಸಂಜೆ ಶಾಲೆಯ ಮೈದಾನದಲ್ಲಿ ನಾಲ್ಕು ಗುರುತಿಟ್ಟು ‘ಕಾಲು ಊರಿದವರು ಔಟ್’ ಅನ್ನಬಹುದಿತ್ತು. ಅದಕ್ಕೆ ಗೇರಿನ ಸೈಕಲ್ ಬೇಕಿರಲಿಲ್ಲ. ಬೇಕಿದ್ದದ್ದು ಸೈಕಲ್ ಹುಚ್ಚಿನ ಒಬ್ಬ ಡ್ರಿಲ್ ಮಾಸ್ತರು, ಪಂಕ್ಚರ್ ಅಂಗಡಿಯವನ ಸ್ನೇಹ, ಹಿಂದಿನಿಂದ ಬರಲು ಒಬ್ಬ ಹಳೆಯ ವಿದ್ಯಾರ್ಥಿ.

ಕೊರೋನಾ ಬಂದ ಮೇಲೆ ಸೈಕಲ್ ಹಂಚಿಕೆ ನಿಂತುಹೋಯಿತು. ಮಲೆನಾಡಿನ ಗುಡ್ಡದ ಕಾಲುದಾರಿಗಳಿಗೆ ಒಂದೊಂದಾಗಿ ಕಾಂಕ್ರೀಟ್ ಬೀಳುತ್ತಿದೆ, ಬೆಳಗ್ಗೆ ಎಂಟಕ್ಕೆ ಮನೆಬಾಗಿಲಿಗೇ ಶಾಲೆಯ ವ್ಯಾನು ಬರುತ್ತದೆ. ಮಳೆಗಾಲದಲ್ಲಿ ಅದು ಎಷ್ಟು ಅನುಕೂಲ ಅಂತ ತಾಯಂದಿರು ಹೇಳುವಾಗ ಎದುರಾಡಲು ನನಗೆ ಬಾಯಿ ಬರುವುದಿಲ್ಲ.