ತಗಾದೆ ನೋಟಿಸು ಬಂದಾಗ: ಉತ್ತರಕ್ಕೆ ಹತ್ತು ದಿನ, ಆಧಾರಕ್ಕೆ ಹಳೆಯ ದಾಖಲೆ

ವಿ.ಸಿ. ಫಾರಂ ಆಸುಪಾಸಿನಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ಅಕ್ಕಿ ಗಿರಣಿ ನಡೆಸುತ್ತಿದೆ ಎಂದು ಭಾವಿಸೋಣ. ಹೊರರಾಜ್ಯದ ತಯಾರಕರೊಬ್ಬರಿಂದ ಅದು ಭತ್ತ ಒಣಗಿಸುವ ಯಂತ್ರಗಳನ್ನು ಖರೀದಿಸಿದೆ. ಅದರ ಬಾಬ್ತು 1 ಕೋಟಿ 20 ಲಕ್ಷ ರೂಪಾಯಿ ಬಾಕಿ ಇದೆ. ಯಂತ್ರಗಳು ಹೇಳಿದಷ್ಟು ಕೆಲಸ ಮಾಡುತ್ತಿಲ್ಲವೆಂದು ನಿರ್ದೇಶಕರು ಹಣ ತಡೆಹಿಡಿದಿದ್ದಾರೆ. ದೂರವಾಣಿಯಲ್ಲಿ ಹತ್ತಾರು ಬಾರಿ ದೂರಿದ್ದಾರೆ. ಆದರೆ ಕಾಗದದ ಮೇಲೆ ಒಂದು ಸಾಲೂ ಇಲ್ಲ. ಒಂದು ದಿನ ಅಂಚೆಯಲ್ಲಿ ತಗಾದೆ ನೋಟಿಸು ಬರುತ್ತದೆ. 'ವಕೀಲರ ನೋಟಿಸು ತಾನೇ, ನೋಡೋಣ' ಎಂದು ಅದನ್ನು ಮೇಜಿನ ಖಾನೆಗೆ ಸೇರಿಸಿದರೆ ಆಗಬಹುದಾದ ಅನಾಹುತವನ್ನು ಸದಸ್ಯ ಮಿತ್ರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ನೋಟಿಸಿನ ಸ್ವರೂಪ

1956ರ ಕಂಪನಿ ಕಾಯಿದೆಯ ಕಾಲದಲ್ಲಿ ಇಂತಹ ನೋಟಿಸಿಗೆ ಮೂರು ವಾರಗಳ ಅವಧಿ ಇತ್ತು. ಆ ಬಳಿಕ ಕಂಪನಿಯ ಸಮಾಪನೆಗಾಗಿ ಹೈಕೋರ್ಟಿಗೆ ಅರ್ಜಿ ಹೋಗುತ್ತಿತ್ತು. 2016ರ ದಿವಾಳಿತನ ಸಂಹಿತೆ ಈ ಚಿತ್ರವನ್ನು ಬದಲಿಸಿತು. ಸರಕು ಅಥವಾ ಸೇವೆ ಒದಗಿಸಿ ಹಣ ಬಾರದಿರುವವರು ಸಂಹಿತೆಯ 8ನೆಯ ಕಲಮಿನ ಪ್ರಕಾರ, ನಿಯಮಗಳಲ್ಲಿ ಗೊತ್ತುಪಡಿಸಿದ 3ನೆಯ ನಮೂನೆಯಲ್ಲಿ ನೋಟಿಸು ನೀಡಬಹುದು ಅಥವಾ 4ನೆಯ ನಮೂನೆಯೊಡನೆ ಬಿಲ್ಲಿನ ಪ್ರತಿ ಕಳುಹಿಸಬಹುದು. ನೋಟಿಸು ತಲುಪಿದ ಹತ್ತು ದಿನಗಳೊಳಗೆ ಕಂಪನಿ ಹಣ ಪಾವತಿಯ ದಾಖಲೆ ಒದಗಿಸಬೇಕು, ಇಲ್ಲವೇ ವಿವಾದವಿದೆಯೆಂದು ತಿಳಿಸಬೇಕು. ಎರಡೂ ಆಗದಿದ್ದರೆ ಅವರು 9ನೆಯ ಕಲಮಿನಡಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಅರ್ಜಿ ಹಾಕಬಹುದು. 24-3-2020ರ ಅಧಿಸೂಚನೆಯಂತೆ ಇದಕ್ಕೆ ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. ಅದಕ್ಕೂ ಮೊದಲು ಈ ಮಿತಿ 1 ಲಕ್ಷ ಮಾತ್ರವಿತ್ತು.

ಅರ್ಜಿ ಅಂಗೀಕೃತವಾದರೆ

ಅರ್ಜಿ ಅಂಗೀಕೃತವಾದ ದಿನವೇ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗಿ, ಕಂಪನಿಯ ಆಡಳಿತವು ನ್ಯಾಯಮಂಡಳಿ ನೇಮಿಸಿದ ವೃತ್ತಿಪರರ ಕೈಸೇರುತ್ತದೆ. ಬಾಕಿ ಕೇಳಿದವರು ಒಬ್ಬರೇ ಆದರೂ ಬ್ಯಾಂಕುಗಳೂ ಇತರ ಸಾಲದಾತರೂ ತಮ್ಮ ಹಕ್ಕು ಮಂಡಿಸುತ್ತಾರೆ. 'ಆಗ ಹಣ ಕಟ್ಟಿದರಾಯಿತು' ಎನ್ನುವವರು ಬೆಂಗಳೂರಿನ ಬೈಜೂಸ್ ಪ್ರಕರಣವನ್ನು ನೋಡಬೇಕು. ಸುಮಾರು 158.9 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ನಿಯಂತ್ರಣ ಮಂಡಳಿ ಸಲ್ಲಿಸಿದ ಅರ್ಜಿಯನ್ನು ಬೆಂಗಳೂರು ಪೀಠ 16-7-2024ರಂದು ಅಂಗೀಕರಿಸಿತು. ಬಳಿಕ ಪ್ರವರ್ತಕರ ಕಡೆಯಿಂದ ಹಣ ಕೊಡುವ ರಾಜಿಯಾಯಿತು. ಮೇಲ್ಮನವಿ ಮಂಡಳಿ ಆಗಸ್ಟ್ 2ರಂದು ಅದನ್ನು ಒಪ್ಪಿತು. ಆದರೆ ಸುಪ್ರೀಂ ಕೋರ್ಟ್ 23-10-2024ರಂದು ಆ ಆದೇಶವನ್ನು ರದ್ದುಪಡಿಸಿತು. ಅಂಗೀಕೃತವಾದ ಅರ್ಜಿಯನ್ನು ಹಿಂತೆಗೆಯಲು ಸಂಹಿತೆ ವಿಧಿಸಿದ ಕ್ರಮವನ್ನೇ ಅನುಸರಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಆದ್ದರಿಂದ ಹೋರಾಟವಾಗಲಿ ರಾಜಿಯಾಗಲಿ, ಅಂಗೀಕಾರಕ್ಕೆ ಮೊದಲೇ ಆಗುವುದು ಲೇಸು.

ಯಾವುದು ವಿವಾದ?

ಮೊಬಿಲಾಕ್ಸ್ ಇನ್ನೋವೇಷನ್ಸ್ ಮತ್ತು ಕಿರುಸಾ ಸಾಫ್ಟ್‌ವೇರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 21-9-2017ರಂದು ಇದಕ್ಕೆ ಉತ್ತರ ನೀಡಿದೆ. ವಿವಾದವು ನೋಟಿಸು ತಲುಪುವ ಮೊದಲೇ ಇದ್ದಿರಬೇಕು. ಅದರಲ್ಲಿ ಕಂಪನಿಯೇ ಗೆಲ್ಲುತ್ತದೆಯೇ ಎಂದು ನ್ಯಾಯಮಂಡಳಿ ಈ ಹಂತದಲ್ಲಿ ತೀರ್ಮಾನಿಸಬೇಕಿಲ್ಲ. ಮುಂದೆ ವಿಚಾರಣೆಗೆ ಅರ್ಹವಾದ ನಂಬತಕ್ಕ ತಕರಾರು ಇದ್ದರೆ ಸಾಕು. ಆದರೆ ಕಾಳು-ಜೊಳ್ಳು ಬೇರ್ಪಡಿಸಿ, ಬರಿಯ ನೆಪಗಳನ್ನು ತಳ್ಳಿಹಾಕಬೇಕು. ಆ ಪ್ರಕರಣದಲ್ಲಿ ಹಣ ತಡೆಹಿಡಿಯಲು ಕಾರಣ ತಿಳಿಸಿ ಕಂಪನಿ 30-1-2015ರಂದೇ ಬರೆದಿತ್ತು. ತಗಾದೆ ನೋಟಿಸು ಬಂದದ್ದು 2016ರ ಡಿಸೆಂಬರಿನಲ್ಲಿ. ಆ ಹಳೆಯ ಪತ್ರವೇ ಕಂಪನಿಯನ್ನು ಕಾಪಾಡಿತು.

ನಮ್ಮ ಗಿರಣಿಯ ಕೊರತೆ ಈಗ ಸ್ಪಷ್ಟ. ನೋಟಿಸು ಬಂದ ಮೇಲೆ ಬರೆದ ದೂರು ಎಷ್ಟೇ ನಿಜವಿದ್ದರೂ ನೆಪದಂತೆ ಕಾಣುವ ಅಪಾಯವಿದೆ.

ಲೆಕ್ಕಪತ್ರಗಳಲ್ಲಿ ಎಚ್ಚರ

1. ಸರಕಿನಲ್ಲಿ ದೋಷ ಕಂಡಕೂಡಲೇ ಪತ್ರ ಅಥವಾ ಇ-ಮೇಲ್ ಬರೆಯಿರಿ. ಯಂತ್ರ ದುರಸ್ತಿಗೆ ಬಂದವರಿಂದ ದೋಷವನ್ನು ನಮೂದಿಸಿದ ವರದಿಗೆ ಸಹಿ ಪಡೆಯಿರಿ.

2. ಹಣ ಕಡಿತ ಮಾಡುವುದಾದರೆ ಡೆಬಿಟ್ ನೋಟ್ ಅದೇ ತಿಂಗಳು ಹೋಗಲಿ.

3. ವರ್ಷಾಂತ್ಯದಲ್ಲಿ ಬರುವ ಬಾಕಿ ದೃಢೀಕರಣ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ತಕರಾರಿನ ಮೊತ್ತವನ್ನು ಬೇರ್ಪಡಿಸಿ ಬರೆಯಿರಿ. ಗುಮಾಸ್ತರು ಅಭ್ಯಾಸಬಲದಿಂದ ಹಾಕಿದ ಒಂದು ಸಹಿ ಇಡೀ ವಾದವನ್ನು ಕೆಡಿಸಬಲ್ಲದು.

4. ಆಢಾವೆ ಪತ್ರಿಕೆಯಲ್ಲಿ ವಿವಾದಿತ ಬಾಕಿಗೆ ಟಿಪ್ಪಣಿ ಇರಲಿ. ಇಂತಹ ಅರ್ಜಿಗೆ ಮೂರು ವರ್ಷಗಳ ಕಾಲಮಿತಿ ಇದೆ; ಆದರೆ ಆಢಾವೆಯಲ್ಲಿನ ನಮೂದೇ ಸಾಲದ ಒಪ್ಪಿಗೆಯಾಗಿ ಅದನ್ನು ಮುಂದೂಡಬಹುದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಜೊತೆಗಿರುವ ಟಿಪ್ಪಣಿಯನ್ನೂ ನೋಡಿ ಅರ್ಥೈಸಬೇಕೆಂದೂ ಹೇಳಿದೆ.

5. ನೋಟಿಸು ತಲುಪಿದ ದಿನಾಂಕ ಬರೆದಿಟ್ಟು, ಅಂದೇ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಕಾಣಿರಿ. ಉತ್ತರದೊಡನೆ ಹಳೆಯ ಪತ್ರಗಳ ಪ್ರತಿ ಲಗತ್ತಿಸಿ. ಮೊತ್ತ, ಬಡ್ಡಿಯ ಕರಾರು, ಬಾಕಿಯ ದಿನಾಂಕ ಇವು ಮೂರನ್ನೂ ಪರಿಶೀಲಿಸಿ.

ಕೊನೆಯ ಮಾತು

ಬಾಕಿ 1 ಕೋಟಿಗಿಂತ ಕಡಿಮೆ ಎಂದು ನಿಶ್ಚಿಂತರಾಗುವಂತಿಲ್ಲ. ಸರಬರಾಜುದಾರರು ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉದ್ಯಮಿಗಳಾದರೆ 2006ರ ಕಾಯಿದೆಯಡಿ ಸೌಲಭ್ಯ ಮಂಡಳಿಗೆ ಹೋಗಬಹುದು. ಅಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗಬಹುದು. ತೀರ್ಪನ್ನು ಪ್ರಶ್ನಿಸಲು ಶೇ. 75ರಷ್ಟು ಮೊತ್ತ ಠೇವಣಿ ಇಡಬೇಕು.

ಹಣ ನಿಜವಾಗಿಯೂ ಕೊಡಬೇಕಾಗಿದ್ದರೆ ತಕರಾರು ಸೃಷ್ಟಿಸುವುದು ವ್ಯಾಪಾರಧರ್ಮವಲ್ಲ, ಫಲವನ್ನೂ ಕೊಡದು. ಕಂತು ಕೇಳಿ ಬರಹದಲ್ಲಿ ರಾಜಿ ಮಾಡಿಕೊಳ್ಳುವುದೇ ಮೇಲು. ತಕರಾರು ನಿಜವಿದ್ದರೆ ಅದು ಇಂದೇ ಕಡತ ಸೇರಲಿ. ಹತ್ತು ದಿನಗಳಲ್ಲಿ ಉತ್ತರ ಬರೆಯಬಹುದು, ಹಿಂದಿನ ದಿನಾಂಕದ ಪತ್ರ ಬರೆಯಲಾಗದು.