ಡ್ರಿಲ್ ಪ್ರೆಸ್‌ನ ಮಾರ್ಟೈಸ್ ಉಪಕರಣ

ಮಾರ್ಟೈಸ್ ಉಪಕರಣ ಎಂಬುದು ಡ್ರಿಲ್ ಪ್ರೆಸ್‌ಗೆ, ಅಂದರೆ ಕಂಬಕ್ಕೆ ಜೋಡಿಸಿದ ಬೈರಿಗೆ ಯಂತ್ರಕ್ಕೆ, ಅಳವಡಿಸಿ ಮರದಲ್ಲಿ ಚೌಕಾಕಾರದ ಕುಳಿ ಕೊರೆಯಲು ಬಳಸುವ ಸಾಧನ. ಟೊಳ್ಳಾದ ಚೌಕ ಉಳಿ ಮತ್ತು ಅದರೊಳಗೆ ತಿರುಗುವ ಬಿಟ್ ಇದರ ಮುಖ್ಯ ಭಾಗಗಳು. ಬಿಟ್ ಮರದ ನಡುಭಾಗವನ್ನು ದುಂಡಗೆ ಕೊರೆಯುತ್ತದೆ. ಅದರ ಬೆನ್ನಿಗೇ ಇಳಿಯುವ ಉಳಿ ನಾಲ್ಕು ಮೂಲೆಗಳನ್ನು ಕತ್ತರಿಸಿ ರಂಧ್ರವನ್ನು ಚೌಕಗೊಳಿಸುತ್ತದೆ. ಇಂತಹ ರಂಧ್ರಗಳನ್ನು ಸಾಲಾಗಿ ಕೊರೆದಾಗ ಉದ್ದನೆಯ ಕುಳಿ ಸಿದ್ಧವಾಗುತ್ತದೆ.

ಹಿನ್ನೆಲೆ

ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದು ಮರದ ಕುಳಿಗೆ ಕೂಡಿಸುವುದು ಮರಗೆಲಸದ ಅತ್ಯಂತ ಹಳೆಯ ಜೋಡಣೆಗಳಲ್ಲೊಂದು. ಜರ್ಮನಿಯ ಲೈಪ್‌ಜಿಗ್ ಸಮೀಪ ದೊರೆತ, ಸುಮಾರು 7,000 ವರ್ಷಗಳಷ್ಟು ಹಳೆಯ ಬಾವಿಯ ಮರದ ಕಟ್ಟಡದಲ್ಲಿ ಈ ಜೋಡಣೆ ಕಂಡುಬಂದಿದೆ. ಕರ್ನಾಟಕದ ಬಾಗಿಲುವಾಡ, ಕಂಬ, ಬೋದಿಗೆಗಳಲ್ಲಿಯೂ, ಗುಂಬಕ್ಕೆ ಅರೆಗಳನ್ನು ಕೂಡಿಸುವ ಎತ್ತಿನ ಗಾಡಿಯ ಚಕ್ರದಲ್ಲಿಯೂ ಇದೇ ತತ್ವವಿದೆ. ಇವುಗಳ ಕುಳಿಗಳನ್ನು ಬಡಗಿಗಳು ಬೈರಿಗೆಯಿಂದ ತೂತು ಹಾಕಿ, ಉಳಿ ಮತ್ತು ಕೊಡತಿಯಿಂದ ಚೌಕ ಮಾಡುತ್ತಿದ್ದರು. ಆ ಎರಡು ಕೆಲಸಗಳನ್ನು ಒಂದೇ ಇಳಿತದಲ್ಲಿ ಮುಗಿಸುವುದು ಮಾರ್ಟೈಸ್ ಉಪಕರಣದ ಉದ್ದೇಶ.

ಕುಳಿ ಕೊರೆಯುವ ಯಂತ್ರಗಳು 19ನೇ ಶತಮಾನದ ಆರಂಭದಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದವು. ಮಾರ್ಕ್ ಇಸಂಬಾರ್ಡ್ ಬ್ರೂನೆಲ್ ವಿನ್ಯಾಸಗೊಳಿಸಿ ಹೆನ್ರಿ ಮಾಡ್ಸ್‌ಲೆ ತಯಾರಿಸಿದ ಇಂತಹ ಯಂತ್ರಗಳು ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾನೆಲೆಯಲ್ಲಿ ಹಡಗಿನ ರಾಟೆಗಳ ಮರದ ಕವಚಗಳನ್ನು ಕೊರೆಯುತ್ತಿದ್ದವು. ಅವುಗಳಲ್ಲಿ ಉಳಿ ಮೇಲೆ ಕೆಳಗೆ ಚಲಿಸುತ್ತಿತ್ತು. ಟೊಳ್ಳು ಉಳಿಯೊಳಗೆ ಬಿಟ್ ತಿರುಗುವ ವಿಧಾನ ಅದೇ ಶತಮಾನದ ಉತ್ತರಾರ್ಧದಲ್ಲಿ ಬೆಳೆಯಿತು.

ಭಾಗಗಳು

* ಹಿಡಿಕೆ: ಉಳಿಯನ್ನು ಹಿಡಿದಿಡುವ ಎರಕದ ಭಾಗ. ಡ್ರಿಲ್ ಪ್ರೆಸ್‌ನಲ್ಲಿ ಮೇಲೆ ಕೆಳಗೆ ಸರಿಯುವ ಕೊಳವೆಗೆ, ಅಂದರೆ ಕ್ವಿಲ್‌ಗೆ, ಇದನ್ನು ಬಿಗಿಯಲಾಗುತ್ತದೆ. ಕ್ವಿಲ್ ತಿರುಗುವುದಿಲ್ಲವಾದ್ದರಿಂದ ಉಳಿಯೂ ತಿರುಗುವುದಿಲ್ಲ.
* ಟೊಳ್ಳು ಉಳಿ ಮತ್ತು ಬಿಟ್: ಸಾಮಾನ್ಯವಾಗಿ 6, 8, 10 ಮತ್ತು 12 ಮಿ.ಮೀ. ಅಳತೆಗಳಲ್ಲಿ ಜೊತೆಯಾಗಿ ದೊರೆಯುತ್ತವೆ. ಹೊಟ್ಟು ಹೊರಬೀಳಲು ಉಳಿಯ ಪಕ್ಕದಲ್ಲಿ ಕಿಂಡಿ ಇರುತ್ತದೆ.
* ತಡೆಪಟ್ಟಿ: ಮರ ಒರಗಿ ಸರಿಯಲು ಮೇಜಿನ ಮೇಲೆ ಬಿಗಿಯುವ ನೇರ ಪಟ್ಟಿ.
* ಒತ್ತುಕವಲು: ಉಳಿಯನ್ನು ಮೇಲೆತ್ತುವಾಗ ಮರ ಏಳದಂತೆ ಅದುಮಿ ಹಿಡಿಯುವ ಕವಲು.

ಕ್ವಿಲ್‌ನ ಹೊರ ಅಳತೆ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ ಎಲ್ಲ ಹಿಡಿಕೆಗಳೂ ಎಲ್ಲ ಯಂತ್ರಗಳಿಗೆ ಹೊಂದುವುದಿಲ್ಲ. ಕೊಳ್ಳುವ ಮೊದಲು ಈ ಅಳತೆಯನ್ನೂ, ಹಿಡಿಕೆಯೊಳಗೆ ಚಕ್ ಹಿಡಿಸುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ.

ಹೊಂದಿಸುವ ವಿಧಾನ

ಮೊದಲು ಯಂತ್ರದ ವಿದ್ಯುತ್ ಪ್ಲಗ್ ಕಳಚಿ, ಮೇಜು ಬಿಟ್‌ಗೆ ಲಂಬವಾಗಿದೆಯೇ ಎಂದು ಮೂಲೆಮಟ್ಟದಿಂದ ಪರೀಕ್ಷಿಸಲಾಗುತ್ತದೆ. ಮೇಜು ವಾಲಿದ್ದರೆ ಕುಳಿಯೂ ವಾಲುತ್ತದೆ. ಅನಂತರ ಕ್ವಿಲ್‌ನ ಆಳ ನಿಲುಗಡೆಯ ಪಟ್ಟಿಯನ್ನು ಬಿಚ್ಚಿ, ಅದರ ಜಾಗದಲ್ಲಿ ಹಿಡಿಕೆಯನ್ನು ಬಿಗಿಯಲಾಗುತ್ತದೆ.

ಮುಂದಿನ ಹಂತ ಉಳಿ ಮತ್ತು ಬಿಟ್‌ಗಳ ನಡುವಿನ ಸಂದು. ಬಿಟ್‌ನ ಅಗಲವಾದ ತುದಿ ಉಳಿಯ ಬಾಯಿಗೆ ತಾಗಿಕೊಂಡೇ ತಿರುಗಿದರೆ ಎರಡೂ ಉಜ್ಜಿ ಕಾಯುತ್ತವೆ. ಉಕ್ಕು ನೀಲಿಗಟ್ಟುವಷ್ಟು ಕಾದರೆ ಅದರ ಹದ ಕೆಟ್ಟು, ಅಂಚು ಬೇಗ ಮೊಂಡಾಗುತ್ತದೆ. ಇದನ್ನು ತಪ್ಪಿಸುವ ಕ್ರಮ ಹೀಗಿದೆ:

1. ಉಳಿಯ ಭುಜಕ್ಕೂ ಹಿಡಿಕೆಗೂ ನಡುವೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಉಳಿಯನ್ನು ಬಿಗಿಯಬೇಕು.
2. ಬಿಟ್ಟನ್ನು ಕೆಳಗಿನಿಂದ ತೂರಿಸಿ, ಅದರ ತುದಿ ಉಳಿಗೆ ತಾಗುವವರೆಗೆ ಮೇಲೆ ಒತ್ತಿ, ಚಕ್ಕನ್ನು ಬಿಗಿಯಬೇಕು.
3. ಉಳಿಯನ್ನು ಸಡಿಲಿಸಿ, ನಾಣ್ಯ ತೆಗೆದು, ಭುಜ ಹಿಡಿಕೆಗೆ ತಾಗುವವರೆಗೆ ಮೇಲೆ ಸರಿಸಿ ಮತ್ತೆ ಬಿಗಿಯಬೇಕು.

ಇದರಿಂದ ನಾಣ್ಯದ ದಪ್ಪದಷ್ಟೇ, ಸುಮಾರು ಒಂದೂವರೆ ಮಿ.ಮೀ., ಸಂದು ಉಳಿಯುತ್ತದೆ. ದೊಡ್ಡ ಉಳಿಗಳಿಗೆ ಸ್ವಲ್ಪ ಹೆಚ್ಚು ಸಂದು ಬೇಕು. ಚಕ್ಕನ್ನು ಕೈಯಿಂದ ತಿರುಗಿಸಿ ನೋಡಿದಾಗ ಉಜ್ಜುವ ಸದ್ದು ಕೇಳಬಾರದು.

ಅಂತಿಮವಾಗಿ ಮೂಲೆಮಟ್ಟದ ಒಂದು ತೋಳನ್ನು ತಡೆಪಟ್ಟಿಗೂ ಇನ್ನೊಂದನ್ನು ಉಳಿಯ ಪಕ್ಕಕ್ಕೂ ತಾಗಿಸಿ, ನಡುವೆ ಬೆಳಕು ಕಾಣದಂತೆ ಉಳಿಯನ್ನು ತಿರುಗಿಸಿ ಬಿಗಿಯಲಾಗುತ್ತದೆ. ಹೊಟ್ಟಿನ ಕಿಂಡಿ ಕುಳಿಯ ಉದ್ದದ ದಿಕ್ಕಿಗೆ, ಅಂದರೆ ಎಡಕ್ಕೆ ಅಥವಾ ಬಲಕ್ಕೆ, ಇರಬೇಕು.

ಕೊರೆಯುವ ಕ್ರಮ

ಕುಳಿಯ ಅಗಲ ಮರದ ದಪ್ಪದ ಮೂರನೇ ಒಂದು ಭಾಗದಷ್ಟಿರುವುದು ವಾಡಿಕೆ, 36 ಮಿ.ಮೀ. ದಪ್ಪದ ಕದದ ಪಟ್ಟಿಗೆ 12 ಮಿ.ಮೀ. ಕುಳಿ ಸಾಕು. ಅಂಟಿಗೆ ಜಾಗ ಸಿಗುವಂತೆ ಆಳವನ್ನು ನಾಲಗೆಯ ಉದ್ದಕ್ಕಿಂತ 2–3 ಮಿ.ಮೀ. ಹೆಚ್ಚು ಇಡಲಾಗುತ್ತದೆ. ವೇಗ ಸಾಮಾನ್ಯವಾಗಿ ನಿಮಿಷಕ್ಕೆ 800ರಿಂದ 1,700 ಸುತ್ತುಗಳ ನಡುವೆ ಇರುತ್ತದೆ. ಉಳಿ ದೊಡ್ಡದಾದಷ್ಟೂ, ಮರ ಗಟ್ಟಿಯಾದಷ್ಟೂ ವೇಗ ಕಡಿಮೆಯಿರಬೇಕು.

ಮೊದಲು ಕುಳಿಯ ಎರಡು ತುದಿಗಳನ್ನು ಕೊರೆದು, ನಡುವೆ ಉಳಿಯ ಅಗಲಕ್ಕಿಂತ ಕಿರಿದಾದ ಗೋಡೆಗಳನ್ನು ಬಿಟ್ಟುಕೊಂಡು ಮುಂದುವರಿದು, ಕೊನೆಗೆ ಆ ಗೋಡೆಗಳನ್ನು ತೆಗೆಯಲಾಗುತ್ತದೆ. ಒಂದು ಪಕ್ಕದಲ್ಲಿ ಮಾತ್ರ ಮರವಿದ್ದರೆ ಉಳಿ ಖಾಲಿ ಜಾಗದ ಕಡೆಗೆ ಬಾಗುತ್ತದೆ. ಈ ಕ್ರಮದಲ್ಲಿ ಎರಡೂ ಪಕ್ಕದ ಒತ್ತಡ ಸಮನಾಗಿರುತ್ತದೆ. ಆಗಾಗ್ಗೆ ಉಳಿಯನ್ನು ಮೇಲೆತ್ತಿ ಹೊಟ್ಟು ಹೊರಹಾಕಬೇಕು. ಆರುಪಾರು ಕುಳಿಯನ್ನು ಎರಡೂ ಮುಖಗಳಿಂದ ಅರ್ಧರ್ಧ ಕೊರೆದರೆ ಅಂಚು ಸಿಡಿಯುವುದಿಲ್ಲ.

ಮರದ ಗುಣ ಮತ್ತು ತೆಂಗಿನ ಮರ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂತಹ ತೆಂಗಿನ ಸೀಮೆಯಲ್ಲಿ ಫಸಲು ಮುಗಿದ ಮರವೂ ಜಂತೆ, ತೊಲೆಗಳಾಗಿ ಉಪಯೋಗಕ್ಕೆ ಬರುತ್ತದೆ. ಕುಳಿ ಕೊರೆಯುವ ದೃಷ್ಟಿಯಿಂದ ತೆಂಗು ಹಲಸು, ಬೇವು, ತೇಗಗಳಿಗಿಂತ ಭಿನ್ನ. ಅದು ಏಕದಳ ಸಸ್ಯವಾದ್ದರಿಂದ ಅದರಲ್ಲಿ ವಾರ್ಷಿಕ ಉಂಗುರಗಳಾಗಲಿ ಗಂಟುಗಳಾಗಲಿ ಇರುವುದಿಲ್ಲ. ಮೆತ್ತನೆಯ ತಿರುಳಿನ ನಡುವೆ ಕಪ್ಪಾದ ಗಟ್ಟಿ ನಾರಿನ ಕಟ್ಟುಗಳು ಹರಡಿರುತ್ತವೆ. ಈ ಕಟ್ಟುಗಳು ಸಿಪ್ಪೆಯ ಬಳಿ ಒತ್ತಾಗಿಯೂ ನಡುವಿನಲ್ಲಿ ವಿರಳವಾಗಿಯೂ ಇರುತ್ತವೆ. ಬಲಿತ ಮರದ ಬುಡದ ಹೊರಭಾಗದಲ್ಲಿ ಸಾಂದ್ರತೆ ಘನ ಮೀಟರಿಗೆ 600 ಕಿ.ಗ್ರಾಂ. ಮೀರಿದರೆ, ತಿರುಳಿನಲ್ಲಿ 400 ಕಿ.ಗ್ರಾಂ.ಗಿಂತ ಕಡಿಮೆಯಿರುತ್ತದೆ.

ಆದ್ದರಿಂದ ಭಾರ ಹೊರುವ ಜೋಡಣೆಯ ಕುಳಿಯನ್ನು ಹೊರಭಾಗದ ಮರದಲ್ಲಿಯೇ ಕೊರೆಯಬೇಕಾಗುತ್ತದೆ. ತಿರುಳಿನಲ್ಲಿ ಕೊರೆದ ಕುಳಿಯ ಗೋಡೆ ಪುಡಿಯಾಗಿ ನಾಲಗೆ ಸಡಿಲಗೊಳ್ಳುತ್ತದೆ. ಮೊಂಡಾದ ಉಳಿ ನಾರುಗಳನ್ನು ಕತ್ತರಿಸದೆ ಕೀಳುತ್ತದೆ. ಮರದಲ್ಲಿರುವ ಸಿಲಿಕಾದಿಂದ ಉಳಿ ಬೇಗ ಸವೆಯುವುದರಿಂದ ಅದನ್ನು ಹೆಚ್ಚು ಬಾರಿ ಮಸೆಯಬೇಕು. ಮಸೆಯುವಾಗ ಉಳಿಯ ಒಳ ಇಳಿಜಾರನ್ನು ಶಂಕುವಿನಾಕಾರದ ಕಲ್ಲಿನಿಂದ ಉಜ್ಜಿ, ಹೊರಮುಖಗಳನ್ನು ಚಪ್ಪಟೆ ಕಲ್ಲಿನ ಮೇಲೆ ಹಗುರವಾಗಿ ತೀಡಲಾಗುತ್ತದೆ. ಹೊರಮುಖ ಹೆಚ್ಚು ಸವೆದರೆ ಉಳಿಯ ಅಳತೆಯೇ ಕಿರಿದಾಗುತ್ತದೆ. ಬೇಲಿಯಂಚಿನ ಮರಗಳಲ್ಲಿ ತಂತಿಯ ಮೊಳೆಗಳು ಹುದುಗಿರುವ ಸಾಧ್ಯತೆಯಿದ್ದು, ಅವುಗಳಿಗೆ ತಾಗಿದರೆ ಉಳಿಯ ಅಂಚು ಮುರಿಯುತ್ತದೆ.

ಸಾಮಾನ್ಯ ದೋಷಗಳು

* ಕುಳಿಯ ಗೋಡೆ ಗರಗಸದ ಹಲ್ಲಿನಂತಾಗುವುದು: ಉಳಿ ತಡೆಪಟ್ಟಿಗೆ ಸಮಾನಾಂತರವಾಗಿಲ್ಲ.
* ಹೊಗೆ ಮತ್ತು ಸುಟ್ಟ ವಾಸನೆ: ಸಂದು ಕಡಿಮೆಯಾಗಿದೆ, ಹೊಟ್ಟು ಕಟ್ಟಿಕೊಂಡಿದೆ ಅಥವಾ ಅಂಚು ಮೊಂಡಾಗಿದೆ.
* ಉಳಿಯೊಂದಿಗೆ ಮರವೂ ಮೇಲೇಳುವುದು: ಒತ್ತುಕವಲು ಸಡಿಲವಾಗಿದೆ.
* ಕುಳಿಯ ತಳದಲ್ಲಿ ನಾಲಗೆ ಓರೆಯಾಗುವುದು: ಮೇಜು ಲಂಬವಾಗಿಲ್ಲ.

ಸುರಕ್ಷತೆ

ತಿರುಗುವ ಚಕ್ ಬಟ್ಟೆಯನ್ನು ಸೆಳೆದುಕೊಳ್ಳುವುದರಿಂದ ಕೈಗವಸು, ಹೆಗಲ ಮೇಲಿನ ಟವೆಲ್ ಮತ್ತು ಸಡಿಲ ತೋಳಿನ ಉಡುಪು ಅಪಾಯಕಾರಿ. ಕಣ್ಣಿಗೆ ಕನ್ನಡಕ ಅಗತ್ಯ. ಕೊರೆದ ಕೂಡಲೇ ಉಳಿಯನ್ನು ಬರಿಗೈಯಿಂದ ಮುಟ್ಟಬಾರದು. ಕೆಲಸದ ನಡುವೆ ವಿದ್ಯುತ್ ಹೋದರೆ ಮೊದಲು ಸ್ವಿಚ್ ಆರಿಸಬೇಕು. ಇಲ್ಲವಾದರೆ, ಹೊಟ್ಟು ತೆಗೆಯಲು ಕೈ ಒಡ್ಡಿದ ಹೊತ್ತಿಗೆ ವಿದ್ಯುತ್ ಮರಳಿ ಯಂತ್ರ ತಾನಾಗಿಯೇ ತಿರುಗಬಹುದು.

ಮಿತಿಗಳು

ಡ್ರಿಲ್ ಪ್ರೆಸ್‌ನ ಸನ್ನೆ ಬಿಟ್ಟನ್ನು ಇಳಿಸುವುದಕ್ಕೆ ರೂಪಿಸಿದ್ದೇ ಹೊರತು ಉಳಿಯನ್ನು ಮರದೊಳಗೆ ಒತ್ತುವುದಕ್ಕಲ್ಲ. ಜಾಲಿ, ಹೊನ್ನೆಯಂತಹ ಗಟ್ಟಿ ಮರಗಳಲ್ಲಿ ದೊಡ್ಡ ಉಳಿಯನ್ನು ಬಳಸಿದಾಗ ಬಹಳ ಬಲ ಬೇಕಾಗಿ, ಯಂತ್ರದ ಹಲ್ಲುಪಟ್ಟಿ ಮತ್ತು ಬೇರಿಂಗ್‌ಗಳ ಮೇಲೆ ಒತ್ತಡ ಬೀಳುತ್ತದೆ. 75 ಮಿ.ಮೀ. ದಪ್ಪದ ಬಾಗಿಲುವಾಡಕ್ಕೆ ಬೇಕಾದ 25 ಮಿ.ಮೀ. ಅಗಲದ ಕುಳಿಯನ್ನು 12 ಮಿ.ಮೀ. ಉಳಿಯಿಂದ ಒಂದರ ಮೇಲೊಂದು ಚಾಚಿಕೊಳ್ಳುವ ಮೂರು ಸಾಲುಗಳಲ್ಲಿ ಕೊರೆಯಬೇಕಾಗುತ್ತದೆ. ಉಪಕರಣ ಅಳವಡಿಸಿರುವಾಗ ಯಂತ್ರದಲ್ಲಿ ಬೇರೆ ತೂತು ಕೊರೆಯಲಾಗುವುದಿಲ್ಲ. ಹೀಗಾಗಿ ಕದ, ಕಿಟಕಿಗಳನ್ನು ನಿರಂತರವಾಗಿ ತಯಾರಿಸುವ ಕಾರ್ಖಾನೆಗಳಿಗೆ ಉದ್ದ ಸನ್ನೆಯ ಪ್ರತ್ಯೇಕ ಮಾರ್ಟೈಸ್ ಯಂತ್ರವೂ, ಅಪರೂಪಕ್ಕೆ ಕೆಲವು ಜೋಡಣೆ ಮಾಡುವ ಸಣ್ಣ ಅಂಗಡಿಗಳಿಗೆ ಈ ಉಪಕರಣವೂ ಹೆಚ್ಚು ಸೂಕ್ತ.